ಅವನು ಬಿಗಿದ ಒಂದು ನಟ್ಟು

ಕೆಂಪು ಗುಂಡಿಯ ಮೇಲೆ ಅವಳ ಅಂಗೈ ಬಿದ್ದದ್ದೇ ತಡ, ಡಬ್ಬಿಗಳನ್ನು ಹೊತ್ತು ಓಡುತ್ತಿದ್ದ ಬೆಲ್ಟು ಗಕ್ಕನೆ ನಿಂತಿತು.

ಲ್ಯಾಬಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬೆಲ್ಟಿನ ಆಚೆ ಬದಿಯಲ್ಲಿ ಬಗ್ಗಿ ನಿಂತಿದ್ದವನು ನಿಧಾನವಾಗಿ ತಲೆಯೆತ್ತಿದ.

"ಯಾರು ನಿಲ್ಸಿದ್ದು?"

"ನಾನು..."

"ತೊಂಬತ್ತಾರು ಆಗಿತ್ತು ರೀ. ನಿಲ್ಲದೆ ನೂರು ಡಬ್ಬಿ ದಾಟಿಸ್ಬೇಕಿತ್ತು, ಇನ್ನು ನಾಲ್ಕೇ ಬಾಕಿ." ಅವನ ದನಿಯಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು.

ಅವಳು ಅವನ ಬಲಗೈ ಕಡೆ ಬೆರಳು ತೋರಿಸಿದಳು. ಅಂಗಿಯ ತೋಳಿನ ಗುಂಡಿ ಕಿತ್ತುಹೋಗಿ, ಅದರ ಅಂಚು ತಿರುಗುವ ಉರುಳೆಗೆ ಎರಡು ಬೆರಳಷ್ಟು ಹತ್ತಿರದಲ್ಲಿ ಜೋಲುತ್ತಿತ್ತು.

ಅವನು ನೋಡಿದ. ಮುಖದ ಬಣ್ಣ ಇಳಿಯಿತು. ಅಂಗಿಯ ಎರಡೂ ತೋಳುಗಳನ್ನು ಮೊಣಕೈವರೆಗೆ ಮಡಚಿಕೊಂಡ.

"ಮತ್ತೆ ಒಂದರಿಂದ ಶುರು ಮಾಡ್ತೀನಿ," ಎಂದ. "ಎಣಿಸೋದು ನೀವು ಎಣಿಸಿ. ನನಗೀಗ ಲೆಕ್ಕ ನಿಲ್ಲಲ್ಲ."

ಅವಳು ಎಣಿಸಿದಳು. ನೂರರವರೆಗೆ. ಅರವತ್ತರ ಹತ್ತಿರ ಒಮ್ಮೆ ತಪ್ಪಿದಳು, ಯಾಕೆಂದರೆ ಅವನು ಡಬ್ಬಿಗಳನ್ನು ಬಿಟ್ಟು ಅವಳನ್ನು ನೋಡುತ್ತಿದ್ದ.

ಕಮ್ಯುನಿಟಿ ಕಾಲೇಜಿನಲ್ಲಿ ಮೆಕಟ್ರಾನಿಕ್ಸ್ ಕೋರ್ಸ್ ಶುರುವಾಗಿ ಆಗ ಮೂರು ವಾರವಷ್ಟೇ. ಯಂತ್ರ, ಕರೆಂಟು, ಕಂಪ್ಯೂಟರು, ಮೂರನ್ನೂ ಸೇರಿಸಿ ಕಲಿಸುವ ಓದು ಅದು. ಕಲಿತವರಿಗೆ ಕಾರ್ಖಾನೆಗಳಲ್ಲಿ ತಾನಾಗಿ ಓಡುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಸಿಗುತ್ತದೆ. ಬರುವವರೆಲ್ಲ ಎಲ್ಲೋ ದುಡಿಯುತ್ತಲೇ ಓದುವವರು. ಅವಳು ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಏಳು ವರ್ಷ ನಿಂತು ಬಂದವಳು. ಹಾಗಾಗಿ ತರಗತಿಯಲ್ಲಿ ಅವಳು 'ಬಿಸ್ಕತ್ತು'. ಅವನು ಲಿಫ್ಟ್ ರಿಪೇರಿಯವನು, ಹಾಗಾಗಿ 'ಲಿಫ್ಟು'.

ಅವಳು ಆ ದಿನ ಗುಂಡಿ ಒತ್ತಿದ್ದಕ್ಕೂ ಕಾರಣವಿತ್ತು. ಕಾರ್ಖಾನೆಯಲ್ಲಿ ಒಮ್ಮೆ ಒತ್ತಲೋ ಬೇಡವೋ, ಸೂಪರ್‌ವೈಸರ್ ಬೈದರೆ ಏನು ಗತಿ ಎಂದು ಒಂದು ಕ್ಷಣ ತಡೆದಿದ್ದಳು. ಪಕ್ಕದಲ್ಲಿ ನಿಂತಿದ್ದ ಗೆಳತಿಯ ಬೆರಳ ತುದಿ ಹೋಗಿತ್ತು. ಅಂದಿನಿಂದ ಅವಳ ಕೈ ಅವಳನ್ನೂ ಕೇಳುವುದಿಲ್ಲ.

ಉಳಿದದ್ದಕ್ಕೆಲ್ಲ ಅವಳು ನೂರು ಸಲ ಕೇಳಿಕೊಳ್ಳುವವಳೇ. ತಂತಿ ಸರಿಯಾಗಿ ಜೋಡಿಸಿದ್ದೇನಾ? ಇನ್ನೊಮ್ಮೆ ನೋಡಲಾ? ಉತ್ತರ ಬರೆದು ಅಳಿಸುವುದು, ಮತ್ತೆ ಅದನ್ನೇ ಬರೆಯುವುದು... ಮೇಷ್ಟ್ರು ಅವರಿಬ್ಬರನ್ನೂ ಜೋಡಿ ಮಾಡಿ ಒಂದೇ ಮೇಜಿಗೆ ಹಾಕಿದ ಮೇಲೆ ಲಿಫ್ಟಿಗೆ ಈ ಸ್ವಭಾವ ಚೆನ್ನಾಗಿಯೇ ಗೊತ್ತಾಯಿತು.

"ಆ ಸೆನ್ಸರನ್ನ ಮೂರನೇ ಸಲ ನೋಡ್ತಿದೀರ," ಎಂದ ಒಂದು ದಿನ. "ಅದಕ್ಕೆ ನಾಚಿಕೆ ಆಗ್ತಿದೆ. ಬಿಟ್ಬಿಡಿ ಪಾಪ."

ಅವಳು ನಗು ತಡೆಯಲು ಕರೆಂಟು ಅಳೆಯುವ ಮಲ್ಟಿಮೀಟರಿನ ಕಡೆ ಮುಖ ತಿರುಗಿಸಿದಳು.

ಹೀಗೆ ದಿನಗಳು ಕಳೆದವು. ಅವನು ವೈರಿಂಗ್ ನಕ್ಷೆ ಓದುವುದನ್ನು ಹೇಳಿಕೊಟ್ಟ. ಅವಳು ಯಂತ್ರದ ಸದ್ದು ಕೇಳಿ ಅದರ ಆರೋಗ್ಯ ಹೇಳುವುದನ್ನು ಕಲಿಸಿದಳು. ಬಿಡುವಿನಲ್ಲಿ ಅವನು ಎರಡು ಲೋಟ ಚಹಾ ತರುತ್ತಿದ್ದ. ಸಕ್ಕರೆ ಕಡಿಮೆ ಇರುವುದು ಅವಳಿಗೆ ಎಂದು ಅವಳು ಹೇಳದೆಯೇ ತಿಳಿದುಕೊಂಡಿದ್ದ. ಇಷ್ಟಾದರೂ ಇಬ್ಬರೂ ಬಾಯಿಬಿಟ್ಟು ಏನನ್ನೂ ಹೇಳಿರಲಿಲ್ಲ. 'ಇವರು ಎಲ್ಲರ ಜೊತೆಗೂ ಹೀಗೇ ಇರ್ತಾರೇನೋ...' ಎಂದುಕೊಂಡು ಅವಳು ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಿಲ್ದಾಣ ಬಂದದ್ದೂ ಗೊತ್ತಾಗುತ್ತಿರಲಿಲ್ಲ.

ಕೊನೆಯ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂತು.

ಅವಳಿಗೆ ಅದು ಬರೀ ಪರೀಕ್ಷೆಯಾಗಿರಲಿಲ್ಲ. ಪಾಸಾದರೆ ಮುಂದಿನ ತಿಂಗಳಿಂದ ಅದೇ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಹುದ್ದೆ ಕೊಡುತ್ತೇವೆ ಎಂದು ಮ್ಯಾನೇಜರ್ ಪತ್ರ ಕೊಟ್ಟಿದ್ದರು. ತಿಂಗಳ ಕೊನೆಯೊಳಗೆ ಸರ್ಟಿಫಿಕೇಟ್ ತೋರಿಸದಿದ್ದರೆ ಹುದ್ದೆ ಬೇರೆಯವರಿಗೆ. ಹಾಗಾದರೆ ಮತ್ತೆ ಪ್ಯಾಕಿಂಗೇ, ಮತ್ತೆ ಎಂಟು ಗಂಟೆ ಒಂದೇ ಕಡೆ ನಿಲ್ಲುವುದೇ. ಅವಳನ್ನು ಸಾಕಿ ಬೆಳೆಸಿದ ಅಕ್ಕ ಹೊಲಿಗೆಯವಳು. ಆ ಪತ್ರವನ್ನು ಅಕ್ಕ ತನ್ನ ಹೊಲಿಗೆ ಯಂತ್ರದ ಖಾನೆಯಲ್ಲಿ ಕತ್ತರಿಯ ಜೊತೆ ಇಟ್ಟುಕೊಂಡಿದ್ದಳು, ಗಿರಾಕಿಗಳಿಗೆಲ್ಲ ತೋರಿಸುವುದಕ್ಕೆ.

ಪರೀಕ್ಷೆಯ ಕ್ರಮ ಹೀಗೆ: ಹಿಂದಿನ ದಿನ ಮೇಷ್ಟ್ರು ಒಬ್ಬರೇ ಕೂತು ಪ್ರತಿ ಮೇಜಿನ ಯಂತ್ರದಲ್ಲಿ ಒಂದೊಂದು ದೋಷ ಅಡಗಿಸಿಡುತ್ತಾರೆ. ಮರುದಿನ ಎರಡು ಗಂಟೆಯೊಳಗೆ ಅದನ್ನು ಹುಡುಕಿ, ಸರಿಮಾಡಿ, ಹಾಳೆಯಲ್ಲಿ ಬರೆದುಕೊಡಬೇಕು. ಯಾರಿಗೆ ಯಾವ ಮೇಜು ಎಂಬ ಪಟ್ಟಿ ಬಾಗಿಲಿಗೆ ಅಂಟಿಸಿದ್ದರು. ಅವಳಿಗೆ ಮೂರನೆಯದು, ಅವನಿಗೆ ಏಳನೆಯದು.

"ಹೆದರಬೇಡಿ," ಎಂದಿದ್ದ ಅವನು ಪಟ್ಟಿಯ ಮುಂದೆ ನಿಂತು. "ನಾನಿದೀನಲ್ಲ."

ಆ ಒಂದು ಮಾತು ಅವಳನ್ನು ರಾತ್ರಿಯಿಡೀ ಬೆಚ್ಚಗಿಟ್ಟಿತ್ತು.

ಪರೀಕ್ಷೆ ಶುರುವಾಯಿತು. ಮೂರನೇ ಮೇಜಿನ ಯಂತ್ರದ ಕೆಲಸ ಸರಳ. ಬೆಲ್ಟಿನ ಮೇಲೆ ಡಬ್ಬಿ ಬರುತ್ತದೆ, ಸೆನ್ಸರ್ ಅದನ್ನು ಕಾಣುತ್ತದೆ, ಗಾಳಿಯ ಒತ್ತಡದಿಂದ ಓಡುವ ಸಿಲಿಂಡರ್ ಡಬ್ಬಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಅವಳು ಯಂತ್ರ ಓಡಿಸಿದಳು. ನಲವತ್ತು ಡಬ್ಬಿ ಬಿಟ್ಟಳು. ನಲವತ್ತೂ ಸರಿಯಾಗಿ ಹೋದವು.

ತಂತಿಗಳನ್ನು ಒಂದೊಂದಾಗಿ ಅಳೆದಳು. ಸರಿ ಇದ್ದವು. ಗಾಳಿಯ ಒತ್ತಡ ನೋಡಿದಳು. ಸರಿ. ಪ್ರೋಗ್ರಾಂ ಸಾಲು ಸಾಲಾಗಿ ಓದಿದಳು. ಸರಿ. ಕಣ್ಣು ಮುಚ್ಚಿ ಸದ್ದು ಕೇಳಿದಳು. ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ.

ಒಂದೂವರೆ ಗಂಟೆಯಾದಾಗ ಹಾಳೆಯ ಮೇಲೆ ಬರೆದಳು: 'ಈ ಯಂತ್ರದಲ್ಲಿ ದೋಷವಿಲ್ಲ.'

ಬರೆದು ನೋಡಿದಳು. ದೋಷ ಹುಡುಕುವ ಪರೀಕ್ಷೆಯಲ್ಲಿ ದೋಷವೇ ಇಲ್ಲದ ಯಂತ್ರ ಯಾರಾದರೂ ಕೊಡುತ್ತಾರಾ? ಎಲ್ಲರಿಗೂ ಸಿಕ್ಕಿದೆ, ನನಗೆ ಮಾತ್ರ ಕಾಣುತ್ತಿಲ್ಲ. ನಾನು ಇಷ್ಟೇ...

ಗಂಟೆ ಹೊಡೆಯುವ ಹೊತ್ತಿಗೆ ಆ ಸಾಲನ್ನು ಅಡ್ಡ ಗೆರೆ ಎಳೆದು ಹೊಡೆದುಹಾಕಿದ್ದಳು. ಕೆಳಗೆ, 'ಸೆನ್ಸರಿನ ತಂತಿ ಸಡಿಲವಾಗಿರಬಹುದು' ಎಂಬ ಸುಳ್ಳನ್ನು ಬರೆದಿದ್ದಳು.

ಸೋಮವಾರ ಫಲಿತಾಂಶ. ಹದಿನೇಳು ಜನ ಪಾಸು. ಅವಳೊಬ್ಬಳು ಇಲ್ಲ.

ಮೇಷ್ಟ್ರು ಒಂದೊಂದೇ ಮೇಜಿನ ದೋಷ ವಿವರಿಸುತ್ತ ಬಂದರು. ಮೂರನೆಯದರಲ್ಲಿ ಸೆನ್ಸರ್ ಹಿಡಿದಿರುವ ನಟ್ಟನ್ನು ಎರಡು ಸುತ್ತು ಸಡಿಲಿಸಿದ್ದೆ, ಬೆಲ್ಟು ಅದುರಿದಾಗ ಸೆನ್ಸರ್ ಅತ್ತಿತ್ತ ಸರಿದು ಐದಾರು ಡಬ್ಬಿಗೊಂದನ್ನು ಬಿಟ್ಟುಬಿಡುತ್ತದೆ, ಕಣ್ಣಿಗೆ ಕಾಣುವಂಥ ಸುಲಭದ ದೋಷ ಎಂದರು.

ಅವಳು ತಲೆ ತಗ್ಗಿಸಿದಳು. ಕಣ್ಣೀರು ಪುಸ್ತಕದ ಮೇಲೆ ಬೀಳದ ಹಾಗೆ ಕೈ ಅಡ್ಡ ಹಿಡಿದಳು.

ಆಗ ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು.

"ಸರ್, ಆ ನಟ್ಟನ್ನ ಬಿಗಿ ಮಾಡಿದ್ದು ನಾನು."

ಇಡೀ ತರಗತಿ ಹಿಂತಿರುಗಿ ನೋಡಿತು. ಲಿಫ್ಟು ಎದ್ದು ನಿಂತಿದ್ದ. ಪರೀಕ್ಷೆಯ ಬೆಳಿಗ್ಗೆ ಲ್ಯಾಬಿನ ಬೀಗ ತೆಗೆದು ಮೇಜುಗಳ ಧೂಳು ಒರೆಸುವ ಸರದಿ ನನ್ನದಾಗಿತ್ತು, ಒರೆಸುವಾಗ ನಟ್ಟು ಕೈಗೆ ಅಲ್ಲಾಡಿತು, ಜೇಬಿನಲ್ಲಿ ಸ್ಪ್ಯಾನರ್ ಇತ್ತು, ಯೋಚಿಸದೆ ಬಿಗಿದುಬಿಟ್ಟೆ, ಅದೇ ದೋಷವೆಂದು ಈಗಷ್ಟೇ ಗೊತ್ತಾಯಿತು ಎಂದು ತಡವರಿಸುತ್ತ ಹೇಳಿದ.

ಅವಳಿಗೆ ಅಷ್ಟೂ ಕೇಳಿಸಲಿಲ್ಲ. 'ನಾನಿದೀನಲ್ಲ' ಎಂಬುದೊಂದೇ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಮೂರನೇ ಮೇಜು ಯಾರದೆಂದು ಅವನಿಗೆ ಗೊತ್ತಿತ್ತು. ಬೇಕೆಂದೇ ಮಾಡಿದ. ನನ್ನ ಕೈಲಿ ಆಗಲ್ಲ ಅಂತ ತೀರ್ಮಾನಿಸಿದ!

ಕಾರಿಡಾರಿನಲ್ಲಿ ಅವನು ಹಿಂದೆ ಓಡಿಬಂದಾಗ ಅವಳು ನಿಂತಳು.

"ನಿಮಗೆ ನನ್ನ ಮೇಲೆ ಕರುಣೆ ಬಂತಾ?"

"ಕರುಣೆ ಅಲ್ಲ... ಕೇಳಿ ಸ್ವಲ್ಪ..."

"ಏಳು ತಿಂಗಳು ಪಕ್ಕದಲ್ಲಿ ನಿಂತು ನೋಡಿದೀರ. ಒಂದು ನಟ್ಟು ಹುಡುಕೋಕೂ ಇವಳಿಗೆ ಬರಲ್ಲ ಅನ್ಸಿತು ಅಲ್ವಾ? ನಾನು ಫೇಲಾಗಿದ್ದಕ್ಕೆ ಬೇಜಾರಿಲ್ಲ. ನೀವು ನನ್ನ ಫೇಲ್ ಮಾಡಿದ್ದು ಅವತ್ತೇ, ಪರೀಕ್ಷೆಗೂ ಮುಂಚೆ."

ಅವಳು ಹೊರಟುಬಿಟ್ಟಳು.

ಮನೆಯಲ್ಲಿ ಅಕ್ಕ ಹೊಲಿಯುತ್ತಲೇ ಎಲ್ಲ ಕೇಳಿಸಿಕೊಂಡಳು. ತಂಗಿ ಅತ್ತು ಮುಗಿಸುವವರೆಗೂ ಒಂದು ಲಂಗದ ಅಂಚು ಪೂರ್ತಿ ಮುಗಿಯಿತು.

"ಅವನು ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತೇ?" ಎಂದಳು ಆಮೇಲೆ, ಹಲ್ಲಿನಿಂದ ದಾರ ಕಡಿಯುತ್ತ.

"ಯಾರಿಗೂ ಇಲ್ಲ."

"ಮತ್ತೆ? ಬೇಕಂತ ಮಾಡಿದವನು ಬಾಯಿ ಬಿಡ್ತಾನಾ? ನಾನು ಗಿರಾಕಿ ಮನೆಗೆ ಹೋದಾಗಲೂ ಅವರ ಪರದೇಲಿ ದಾರ ಜೋತಾಡ್ತಿದ್ರೆ ಕಿತ್ತು ಬಿಡ್ತೀನಿ. ಯಾರ ಮೇಲೂ ಕರುಣೆಯಿಂದಲ್ಲ. ಕೈಗೆ ಅಭ್ಯಾಸ, ಅಷ್ಟೇ."

ಅವಳು ತನ್ನ ಅಂಗೈಯನ್ನೇ ನೋಡಿಕೊಂಡಳು. ಒಪ್ಪಲು ಮಾತ್ರ ಮನಸ್ಸು ಬರಲಿಲ್ಲ. ಮೂತಿ ತಿರುವಿ ಮಲಗಿದಳು.

ಮರುದಿನ ಮೇಷ್ಟ್ರು ಕರೆದರು. ಅವಳ ಉತ್ತರದ ಹಾಳೆ ಅವರ ಕೈಯಲ್ಲಿತ್ತು. ಹೊಡೆದುಹಾಕಿದ ಸಾಲಿನ ಮೇಲೆ ಬೆರಳಿಟ್ಟರು.

"ಇದು ಸರಿಯಾದ ಉತ್ತರ ಆಗಿತ್ತಮ್ಮ," ಎಂದರು ಮೆಲ್ಲಗೆ. "ಯಂತ್ರ ಚೆನ್ನಾಗಿದೆ ಅಂತ ನಿನಗೆ ಗೊತ್ತಿತ್ತು. ನಿನ್ನ ಮೇಲೆ ನಿನಗೆ ನಂಬಿಕೆ ಇರಲಿಲ್ಲ. ಹೊಡೆದು ಹಾಕಿದ್ದಕ್ಕೆ ನಾನು ಅಂಕ ಕೊಡೋಕಾಗಲ್ಲ. ಶನಿವಾರ ಇನ್ನೊಂದು ಯಂತ್ರ ಕೊಡ್ತೀನಿ."

ಯಾರೂ ಅವಳ ಕೈಯಿಂದ ಗೆಲುವು ಕಸಿದಿರಲಿಲ್ಲ. ಅಡ್ಡ ಗೆರೆ ಎಳೆದ ಪೆನ್ನು ಅವಳದೇ.

ಶನಿವಾರ ಬೆಳಿಗ್ಗೆ ಲ್ಯಾಬಿನಲ್ಲಿ ಅವಳು, ಮೇಷ್ಟ್ರು, ಒಂದು ಯಂತ್ರ. ಈ ಸಲ ದೋಷವಿತ್ತು. ಸಿಲಿಂಡರ್ ತಳ್ಳಿದ ಮೇಲೆ ವಾಪಸ್ ಬರುವಾಗ ತುಸು ತಡ ಮಾಡುತ್ತಿತ್ತು. ಗಾಳಿ ಹೊರಹೋಗುವ 'ಸ್ಸ್' ಸದ್ದು ಎಳೆದಂತೆ ಕೇಳಿತು. ಪೈಪ್ ಬಿಚ್ಚಿ ನೋಡುವ ಮೊದಲೇ ಅವಳಿಗೆ ಗೊತ್ತಾಯಿತು: ಗಾಳಿಯ ವೇಗ ಹೊಂದಿಸುವ ಸ್ಕ್ರೂ ಅರ್ಧಕ್ಕಿಂತ ಹೆಚ್ಚು ಮುಚ್ಚಿದೆ. ತೆರೆದಳು. ಐವತ್ತು ಡಬ್ಬಿ ಬಿಟ್ಟು ನೋಡಿದಳು. ಬರೆದಳು.

ಇನ್ನೂ ಒಂದು ಗಂಟೆ ಹತ್ತು ನಿಮಿಷ ಬಾಕಿಯಿತ್ತು.

ಇನ್ನೊಮ್ಮೆ ನೋಡಲಾ? ಎರಡನೇ ದೋಷ ಏನಾದರೂ ಇದ್ದರೆ?... ಪೆನ್ನು ಕಾಗದದ ಮೇಲೆ ತೇಲಿತು. ಅವಳು ಅದರ ಮುಚ್ಚಳ ಹಾಕಿ, ಎದ್ದು, ಹಾಳೆಯನ್ನು ಮೇಷ್ಟ್ರ ಮುಂದಿಟ್ಟಳು.

ಮೇಷ್ಟ್ರು ಓದಿ, ಯಂತ್ರ ಓಡಿಸಿ, ಸಹಿ ಹಾಕಿದರು. ಪಾಸು.

"ಲಿಫ್ಟು ಅವರಿಗೆ ಸರ್ಟಿಫಿಕೇಟ್ ಸಿಕ್ತಾ ಸರ್?" ಅವಳು ಸಹಜವಾಗಿ ಕೇಳಿದಂತೆ ನಟಿಸಿದಳು.

ಮೇಷ್ಟ್ರು ಕನ್ನಡಕ ತೆಗೆದರು. ಪರೀಕ್ಷೆಗೆ ಇಟ್ಟ ಯಂತ್ರಕ್ಕೆ ಸ್ಪ್ಯಾನರ್ ಹಾಕಿದವರ ಫಲಿತಾಂಶ ರದ್ದಾಗಬೇಕೆಂಬುದು ಕಾಲೇಜಿನ ನಿಯಮ. ಲಿಫ್ಟು ಅದನ್ನು ಮೊದಲ ದಿನವೇ ಓದಿ ಸಹಿ ಹಾಕಿದ್ದ. ಎದ್ದು ನಿಲ್ಲುವಾಗ ಅವನಿಗೆ ಗೊತ್ತಿತ್ತು. ಇನ್ನು ಅವನು ಪರೀಕ್ಷೆ ಬರೆಯುವುದು ಆರು ತಿಂಗಳ ಮೇಲೆ.

"ನಿನಗೆ ಮಾತ್ರ ಇನ್ನೊಂದು ಅವಕಾಶ ಕೊಡಿ ಅಂತ ನನ್ನ ಮನೆವರೆಗೂ ಬಂದಿದ್ದ," ಎಂದರು. "ತನ್ನದರ ಬಗ್ಗೆ ಒಂದು ಮಾತೂ ಆಡಲಿಲ್ಲ."

ಅವಳು ಲ್ಯಾಬಿನಿಂದ ನಡೆದು ಹೊರಬಂದಳು. ಗೇಟಿನ ಹತ್ತಿರ ಬರುವಷ್ಟರಲ್ಲಿ ಓಡುತ್ತಿದ್ದಳು.

ಶನಿವಾರಗಳಲ್ಲಿ ಅವನ ಕೆಲಸ ಎಲ್ಲಿರುತ್ತದೆಂದು ಅವಳಿಗೆ ಗೊತ್ತಿತ್ತು. ಪೇಟೆಯ ಆಚೆ ಒಂದು ಹಳೆಯ ಆರಂತಸ್ತಿನ ಕಟ್ಟಡ. ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಹಲಗೆ ತೂಗುತ್ತಿತ್ತು. ಮೆಟ್ಟಿಲು ಹತ್ತಿದಳು. ಮೂರನೇ ಮಹಡಿಯಲ್ಲಿ ತರಕಾರಿ ಚೀಲ ಇಟ್ಟುಕೊಂಡು ಒಬ್ಬರು ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದರು, ಲಿಫ್ಟು ಸರಿಹೋಗುವುದನ್ನು ಕಾಯುತ್ತ. ಅಲ್ಲೇ ತೆರೆದ ಬಾಗಿಲು, ಮುಂದೆ ಅಡ್ಡಪಟ್ಟಿ, ಒಳಗೆ ಮೇಲಿನಿಂದ ಸ್ಪ್ಯಾನರಿನ ಸದ್ದು.

"ಕೇಳಿಸ್ತಿದ್ಯಾ?" ಎಂದಳು ಪಟ್ಟಿಯಾಚೆಗೆ, ಕತ್ತೆತ್ತಿ.

ಸದ್ದು ನಿಂತಿತು. ಮೇಲಿನಿಂದ ಅವನ ದನಿ ಬಂತು. "ಪರೀಕ್ಷೆ ಏನಾಯ್ತು?"

"ಪಾಸು."

ಅಜ್ಜಿ ತರಕಾರಿ ಚೀಲ ಪಕ್ಕಕ್ಕೆ ಸರಿಸಿ ನೆಟ್ಟಗೆ ಕೂತರು.

"ಆರು ತಿಂಗಳು ಹೋಗುತ್ತೆ ಅಂತ ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅದಕ್ಕೇ ಕ್ಷಮಿಸ್ತಿದ್ರಿ. ಹಾಗೆ ಬೇಕಿರಲಿಲ್ಲ ನನಗೆ." ಆಮೇಲೆ ಸೇರಿಸಿದ. "ನಿಮ್ಮ ಕೈಲಿ ಆಗಲ್ಲ ಅಂತ ನಾನು ಒಂದು ದಿನಾನೂ ಅಂದ್ಕೊಂಡಿಲ್ಲ. ನಿಮ್ಮಷ್ಟು ಚೆನ್ನಾಗಿ ಯಂತ್ರದ ಮಾತು ಕೇಳೋರನ್ನ ನಾನು ನೋಡಿಲ್ಲ. ನನ್ನ ಮಾತು ಮಾತ್ರ ನಿಮಗೆ ಕೇಳಿಸ್ಲೇ ಇಲ್ಲ."

"ನೀವು ಹೇಳ್ಲೇ ಇಲ್ವಲ್ಲ."

"ಧೈರ್ಯ ಇರಲಿಲ್ಲ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಇವನಿಗೂ ಹಾಗೇನಾ? ಬರೆಯೋದು, ಅಳಿಸೋದು...

"ನನಗಿದೆ ಇವತ್ತು," ಎಂದಳು. "ಆರು ತಿಂಗಳು ನಿಮ್ಮ ಜೊತೆ ಕೂತು ಓದಿಸ್ತೀನಿ. ಆಮೇಲೂ ಜೊತೆಗೇ ಇರ್ತೀನಿ, ನಿಮಗೆ ಇಷ್ಟ ಇದ್ರೆ. ನನಗಂತೂ ಇದೆ. ತುಂಬಾ ದಿನದಿಂದ."

ಮೇಲೆ ಸ್ಪ್ಯಾನರ್ ಕೈಜಾರಿ ಠಣ್ ಎಂದಿತು.

"ಒಪ್ಕೊಳ್ಳಪ್ಪ ಬೇಗ," ಎಂದರು ಅಜ್ಜಿ. "ನನ್ನ ಮಂಡಿ ನೋಯ್ತಿದೆ, ಲಿಫ್ಟು ಬೇಕು."

"ಒಪ್ಕೊಂಡೆ ಅಜ್ಜಿ," ಎಂದಿತು ಮೇಲಿನ ದನಿ. "ಯಾವಾಗಲೋ ಒಪ್ಕೊಂಡಿದ್ದೆ." ಆಮೇಲೆ ಮೆಲ್ಲಗೆ, ಅವಳಿಗೆ ಮಾತ್ರ: "ಇಳಿದು ಬರ್ಲಾ?"

ಅವಳು ಕಣ್ಣೊರೆಸಿಕೊಂಡು ಅಜ್ಜಿಯ ಪಕ್ಕ ಮೆಟ್ಟಿಲ ಮೇಲೆ ಕೂತಳು.

"ಬೇಡ. ಅಜ್ಜಿ ಕಾಯ್ತಿದಾರೆ, ಕೆಲಸ ಮುಗಿಸಿ ಬನ್ನಿ."

"ಇನ್ನೊಂದು ಗಂಟೆ ಆಗ್ಬಹುದು..."

"ಆಗ್ಲಿ. ಇಲ್ಲೇ ಇರ್ತೀನಿ."