ಬಳ್ಳಿಯ ಮೂಗುತಿ

ಹಿಟ್ಟು ತಿಗಣೆ ಅಂಥ ದೊಡ್ಡ ಪ್ರಾಣಿಯೇನಲ್ಲ. ಅಕ್ಕಿ ನುಚ್ಚಿನಷ್ಟು ಗಾತ್ರ, ಮೈದಾ ಮೆತ್ತಿಕೊಂಡಂಥ ಬಿಳಿ ಮೈ. ಅಂಥದ್ದೊಂದು ಧಾತ್ರಿಯ ಬಾಲ್ಕನಿಯ ಹೋಯಾ ಬಳ್ಳಿಗೆ ಹತ್ತಿ, ಎಲೆಯ ಸಂದಿಯಲ್ಲಿ ಕೂತು, ಸೂಜಿಬಾಯಿಯನ್ನು ಕಾಂಡಕ್ಕೆ ಚುಚ್ಚಿ ರಸ ಹೀರತೊಡಗಿತು. ಬಳ್ಳಿಗೆ ತೊಡಿಸಿದ್ದ ಹರಳಿನಷ್ಟು ಪುಟ್ಟ ಯಂತ್ರ ಹಸಿರಿನಿಂದ ಕೆಂಪಿಗೆ ತಿರುಗಿತು. ಧಾತ್ರಿ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಕೆಂಪು ಬೆನ್ನಿಗೆ ಕಪ್ಪು ಚುಕ್ಕೆಯ ಗುಲಗಂಜಿ ಹುಳುಗಳು ಬಂದವು. ಮೊದಲು ಒಂದು, ಆಮೇಲೆ ದಂಡು ದಂಡಾಗಿ. ತಿಗಣೆಯ ಕತೆ ಅಲ್ಲಿಗೆ ಮುಗಿಯಿತು.

ಯಂತ್ರಕ್ಕೆ ಕಾಗದಪತ್ರಗಳಲ್ಲಿ ಮಾರುದ್ದದ ಹೆಸರಿತ್ತು. ಆದರೆ ನೋಡಿದವರೆಲ್ಲ ಮೂಗುತಿ ಎಂದೇ ಕರೆದರು, ಕಂಡುಹಿಡಿದ ಧಾತ್ರಿಯೂ ಅದಕ್ಕೇ ಒಗ್ಗಿಕೊಂಡಿದ್ದಳು. ಕೀಟ ಕಚ್ಚಿದರೆ ಗಿಡ ಸುಮ್ಮನಿರುವುದಿಲ್ಲ, ನಮ್ಮ ಮೂಗಿಗೆ ತಿಳಿಯದ ಒಂದು ವಾಸನೆಯನ್ನು ಗಾಳಿಗೆ ಬಿಡುತ್ತದೆ. ಆ ಕೀಟವನ್ನು ತಿಂದು ಬದುಕುವ ಹುಳುಗಳಿಗೆ ಅದು ಊಟದ ಕರೆ. ಮೂಗುತಿ ಆ ವಾಸನೆಯನ್ನು ಹಿಡಿದು, ಅದನ್ನೇ ನೂರು ಪಟ್ಟು ಜೋರು ಮಾಡಿ ಹೊರಗೆ ಬಿಡುತ್ತಿತ್ತು. ವಿಷವಿಲ್ಲ, ಸಿಂಪಡಿಸುವ ರಗಳೆಯಿಲ್ಲ. ಬಿಸಿಲಿನ ಕಾಟಕ್ಕೆ ಮೈಸೂರಿನ ಪ್ರತಿ ಬಾಲ್ಕನಿಯಲ್ಲೂ ಬಳ್ಳಿ ಹಬ್ಬಿಸಬೇಕೆಂಬ ಕಾನೂನು ಬಂದಿದ್ದ ಕಾಲ ಅದು. ಬಳ್ಳಿಯ ಹಿಂದೆ ತಿಗಣೆಯೂ ಬಂದಿತ್ತು. ತಜ್ಞರ ಸಮಿತಿ ನೋಡಿ ಒಪ್ಪಿಬಿಟ್ಟರೆ ಮೂಗುತಿ ಅಂಗಡಿಗೆ ಬರುತ್ತಿತ್ತು. ಸದ್ಯಕ್ಕೆ ಇಡೀ ಬಡಾವಣೆಯಲ್ಲಿ ಇದ್ದದ್ದು ಧಾತ್ರಿಯ ಮನೆಯದೊಂದೇ.

ಅವಳ ಬಳ್ಳಿ ಪಕ್ಕದ ಮನೆಯ ಸಿಂಚನಮ್ಮ ಕೊಟ್ಟ ಕಡ್ಡಿಯಿಂದ ಬಂದದ್ದು. ಸಿಂಚನ ಎಂಬ ಹೆಸರಿಗೂ ಅಮ್ಮ ಸೇರುವ ಕಾಲ ಬಂದಿತ್ತು ನೋಡಿ. ಅವರ ಓರಗೆಯ ಸ್ಪಂದನಮ್ಮ, ಐಶ್ವರ್ಯಮ್ಮ ಎಲ್ಲ ಈಗ ಲಿಫ್ಟಿನ ಮುಂದೆ ಮಂಡಿನೋವಿನ ಸುದ್ದಿ ಮಾತಾಡುವ ಅಜ್ಜಿಯರು. ಸಿಂಚನಮ್ಮನ ಹೋಯಾ ಧಾತ್ರಿಗಿಂತ ಹಳೆಯದು. ವರ್ಷಕ್ಕೊಮ್ಮೆ ಮೇಣದಲ್ಲಿ ಮಾಡಿದಂಥ ನಕ್ಷತ್ರದ ಹೂಗೊಂಚಲು ಬಿಟ್ಟು, ಮುಸ್ಸಂಜೆಗೆ ಘಮ್ಮೆನ್ನುತ್ತಿತ್ತು. ಮೊದಲ ಗೊಂಚಲು ಅರಳಿದ ಸಂಜೆ ಸಿಂಚನಮ್ಮ ಆ ಮಹಡಿಯ ಒಂದೊಂದು ಬಾಗಿಲನ್ನೂ ತಟ್ಟಿ, "ಹೂ ಬಿಟ್ಟಿದೆ, ಬನ್ನಿ" ಎನ್ನುತ್ತಿದ್ದರು. ಹೋದವರಿಗೆ ಕೋಸಂಬರಿ, ಪಾನಕ. ಫೋನಿನಲ್ಲಿ ಕರೆದರೆ ನಡೆಯದು, ಬಾಗಿಲನ್ನೇ ತಟ್ಟಬೇಕು ಎಂಬುದು ಅವರು ಮಾಡಿಟ್ಟಿದ್ದ ಕಟ್ಟಳೆ.

ಈ ಸಲ ಹೂವಿನ ಕಾಲಕ್ಕೆ ಮುಂಚೆಯೇ ಅವರು ಧಾತ್ರಿಯ ಬಾಗಿಲು ತಟ್ಟಿದರು.

"ಸ್ವಲ್ಪ ಬಂದು ನೋಡಮ್ಮ. ನನ್ ಬಳ್ಳಿ ತುಂಬಾ ತಿಗಣೆ. ಬೇವಿನೆಣ್ಣೆ ಹಚ್ದೆ, ಸೋಪಿನ ನೀರು ಹೊಡ್ದೆ, ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ."

ಧಾತ್ರಿ ಹೋಗಿ ನೋಡಿದಳು. ಎಲೆಗಳೆಲ್ಲ ಅಂಟು, ಕಾಂಡದ ಮೇಲೆ ಇರುವೆ ಸಾಲು, ಹೂತೊಟ್ಟುಗಳ ಬುಡದಲ್ಲಿ ಹತ್ತಿ ತುರುಕಿದಂತೆ ತಿಗಣೆಯ ಗೂಡು. ಅವಳಿಗೆ ಮೊದಲು ಹೊಳೆದದ್ದು ಬಳ್ಳಿಯ ಕಷ್ಟವಲ್ಲ, ತನ್ನ ಕಷ್ಟ. ಈ ತಿಗಣೆಗಳೆಲ್ಲ ಗೋಡೆ ದಾಟಿ ಬಂದು, ಮೂಗುತಿ ನೋಡಲು ಮನೆಗೆ ಬರುವ ಸಮಿತಿಯವರ ಕಣ್ಣಿಗೆ ಬಿದ್ದರೆ?

"ನೀರು ಜಾಸ್ತಿ ಹಾಕ್ತೀರ ಆಂಟಿ, ಅದಕ್ಕೇ ಹಿಂಗಾಗಿರೋದು," ಎಂದಳು, ಡಾಕ್ಟರು ರೋಗಿಯನ್ನು ಗದರುವ ಧಾಟಿಯಲ್ಲಿ. "ಆ ತೊಟ್ಟುಗಳನ್ನೆಲ್ಲ ಕತ್ತರಿಸಿಬಿಡಿ."

"ತೊಟ್ಟು ಕತ್ತರಿಸೋದಾ? ಹಳೇ ತೊಟ್ಟಲ್ಲೇ ಅಲ್ವೇನಮ್ಮ ವರ್ಷವರ್ಷ ಹೂ ಬಿಡೋದು?"

ಅದು ಧಾತ್ರಿಗೂ ಗೊತ್ತಿತ್ತು. ಹೋಯಾ ಹೂ ಉದುರಿಸಿದರೂ ತೊಟ್ಟನ್ನು ಉಳಿಸಿಕೊಂಡು, ಮರುವರ್ಷ ಅದೇ ಜಾಗದಲ್ಲಿ ಮೊಗ್ಗು ಹಿಡಿಯುವ ಗಿಡ.

"ಹೊಸದು ಬರತ್ತೆ ಬಿಡಿ ಆಂಟಿ."

"ಸರಿ. ನೀನು ಓದಿರೋಳು, ನೀನು ಹೇಳಿದ್ಮೇಲೆ ಮುಗೀತು."

ಮರುದಿನ ಲಿಫ್ಟಿನ ಪಕ್ಕದ ಕಸದ ಬುಟ್ಟಿಯಲ್ಲಿ ಆ ತೊಟ್ಟುಗಳು ಬಿದ್ದಿದ್ದವು. ಧಾತ್ರಿ ನೋಡಿಯೂ ನೋಡದಂತೆ ಲಿಫ್ಟ್ ಹತ್ತಿದಳು.

ಸಮಿತಿ ಬರುವ ಬೆಳಗ್ಗೆ ಅವಳು ಬಾಲ್ಕನಿ ಗುಡಿಸುತ್ತಿದ್ದಳು. ನೆಲದ ತುಂಬ ಸತ್ತ ಗುಲಗಂಜಿ ಹುಳುಗಳು. ದಿನವೂ ಅಷ್ಟೇ, ಮೊರ ತುಂಬುವಷ್ಟು. ಇಷ್ಟೊಂದು ಬರುತ್ತವಲ್ಲ ಎಂದು ಅವಳಿಗೆ ಹೆಮ್ಮೆಯೂ ಇತ್ತು. ಗುಡಿಸುತ್ತಲೇ ಸಮಿತಿಯವರಿಗೆ ಹೇಳಬೇಕಾದುದನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ಈ ಹುಳುಗಳು ಎಲ್ಲಿಂದ ಬರುತ್ತವೆ ಎಂದು ಕೇಳಿದರೆ, "ಸುತ್ತಮುತ್ತಲಿಂದ."

ಪೊರಕೆ ಹಿಡಿದ ಕೈ ಅಲ್ಲೇ ನಿಂತಿತು. ಸುತ್ತಮುತ್ತ ಎಂದರೆ ಎಲ್ಲಿ? ಒಂದು ತಿಗಣೆಗಾಗಿ ಮೂಗುತಿ ಊರಿಗೆಲ್ಲ ಔತಣದ ಕರೆ ಕೊಡುತ್ತಿತ್ತು. ನಂಬಿ ಬಂದ ಹುಳುಗಳು ಎಲೆಯಲ್ಲಿ ಅನ್ನವಿಲ್ಲದೆ, ಕರೆಯ ವಾಸನೆ ಬಿಟ್ಟು ಹೋಗಲೂ ಆಗದೆ, ಅಲ್ಲೇ ಹಸಿದು ಸಾಯುತ್ತಿದ್ದವು.

ಅವಳು ಗೋಡೆಯಾಚೆ ಬಗ್ಗಿ ನೋಡಿದಳು. ಸಿಂಚನಮ್ಮ ಸ್ಟೂಲಿನ ಮೇಲೆ ಕೂತು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಎಲೆ ಒರೆಸುತ್ತಿದ್ದರು.

"ಆಂಟಿ, ನಿಮ್ ಗಿಡದಲ್ಲಿ ಗುಲಗಂಜಿ ಹುಳ ಇರ್ತಿದ್ವಾ?"

"ಮುಂಚೆ ಬೇಕಾದಷ್ಟಿರ್ತಿದ್ವು. ಹೋದ ಮಳೆಗಾಲದಿಂದ ಈಚೆಗೆ ಒಂದೂ ಕಾಣೆ. ಯಾಕಮ್ಮ?"

ಮೂಗುತಿ ತೊಡಿಸಿದ್ದೂ ಹೋದ ಮಳೆಗಾಲದಲ್ಲೇ. ಧಾತ್ರಿ ಒಳಗೆ ಬಂದಳು. ಮುಖಕ್ಕೆ ನೀರು ಹಾಕಿಕೊಂಡು ಕನ್ನಡಿ ನೋಡಲು ಹೋದವಳಿಗೆ ತಲೆ ಎತ್ತಲು ಆಗಲಿಲ್ಲ. ಸಿಂಚನಮ್ಮನ ಬಳ್ಳಿಯ ಕಾವಲಿನ ಹುಳುಗಳನ್ನು ಕಸಿದುಕೊಂಡವಳು ತಾನು, ನೀರು ಜಾಸ್ತಿ ಹಾಕಿದಿರಿ ಎಂದು ಬೈದವಳೂ ತಾನೇ.

ಸಮಿತಿಯವರು ಬಂದು ಭೇಷ್ ಎಂದರು. ಹುಳು ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳಲಿಲ್ಲ! ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಧಾತ್ರಿ ಮೂಗುತಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಮೊರದಲ್ಲಿದ್ದ ಹುಳುಗಳನ್ನು ತೋರಿಸಿ, ಇದ್ದದ್ದು ಇದ್ದಂತೆ ಹೇಳಿದಳು. ಒಂದು ಮನೆಯ ಬಳ್ಳಿಗೆ ತೊಡಿಸಿದರೆ ಉಳಿದ ಮನೆಗಳ ಬಳ್ಳಿಗೆ ಕಾವಲಿನ ಹುಳುವೇ ಇಲ್ಲದಂತಾಗುತ್ತದೆ, ಹೀಗೇ ಮಾರುವಂತಿಲ್ಲ ಎಂದಳು. ಅವರು ಮುಖ ಮುಖ ನೋಡಿಕೊಂಡು, ಮುಂದೆ ನೋಡೋಣ ಎಂದು ಎದ್ದರು.

ಸಂಜೆ ಅವಳು ಪಕ್ಕದ ಬಾಗಿಲು ತಟ್ಟಿದಳು. ನಡೆದದ್ದನ್ನೆಲ್ಲ ಸಿಂಚನಮ್ಮನಿಗೆ ಹೇಳಿದಳು.

"ನಾನೇ ನೀರು ಹಾಕಿ ಹಾಕಿ ಹಾಳು ಮಾಡ್ದೆ ಅಂತ ನನ್ನನ್ನೇ ಬೈಕೊಂಡೆ ಕಣೆ," ಎಂದರು ಸಿಂಚನಮ್ಮ. "ಆ ತೊಟ್ಟುಗಳನ್ನ ಒಂದೊಂದಾಗಿ ಎಣಿಸಿ ಎಣಿಸಿ ಕತ್ತರಿಸ್ದೆ."

"ತಪ್ಪಾಯ್ತು ಆಂಟಿ," ಎಂದಳು ಧಾತ್ರಿ.

ಅಷ್ಟರಲ್ಲಿ ಗೋಡೆಯಾಚೆಯಿಂದ ಘಮ ತೇಲಿ ಬಂತು. ಸಿಂಚನಮ್ಮ ಮೂಗರಳಿಸಿದರು. "ನಿನ್ ಬಳ್ಳಿ ಹೂ ಬಿಡ್ತಾ?"

ಧಾತ್ರಿ ಹೌದೆಂದು ತಲೆಯಾಡಿಸಿದಳು. ಆ ಕ್ಷಣಕ್ಕೆ ನೆಲ ಬಾಯ್ಬಿಟ್ಟರೆ ಸಾಕೆನಿಸಿತು.

"ನಿಂದೇನು ಹೊಸದಲ್ಲ ಬಿಡು," ಎಂದರು ಸಿಂಚನಮ್ಮ. "ನಾನು ನಿನ್ ವಯಸ್ಸಲ್ಲಿದ್ದಾಗ ನಾವೂ ಮನೆಗೆ ಎಸಿ ಹಾಕಿಸಿದ್ವಿ. ಅದರ ಬಿಸಿಗಾಳಿ ಪಕ್ಕದ ಮನೆ ಕಿಟಕಿಗೆ ನೇರ ಹೊಡೀತಿತ್ತು. ಅಲ್ಲೊಂದು ಬಾಣಂತಿ, ಎಳೇ ಮಗು. ನಾವು ಒಳಗೆ ಕೂತು, ಅಬ್ಬ ಎಷ್ಟು ತಂಪು ಅಂತಿದ್ವಿ. ಗೊತ್ತಿರ್ಲಿಲ್ಲ ಅಂತಲ್ಲ, ಗೊತ್ತಿತ್ತು. ಒಬ್ರಾದ್ರೂ ಹೋಗಿ ಅವರ ಬಾಗಿಲು ತಟ್ಟಿದ್ವಾ? ಇಲ್ಲ."

ಸಿಂಚನಮ್ಮ ಎದ್ದು ಅಡುಗೆಮನೆಯ ದೀಪ ಹಾಕಿ, ಹೆಸರುಬೇಳೆಯ ಡಬ್ಬಿ ಕೆಳಗಿಳಿಸಿದರು.

"ಬೇಳೆ ನೆನೆಯೋಕೆ ಹೊತ್ತು ಬೇಕು. ಅಷ್ಟರಲ್ಲಿ ಹೋಗು, ಎಲ್ಲರ ಬಾಗಿಲೂ ತಟ್ಟು. ಹೂ ಬಿಟ್ಟಿದೆ ಅಂತಾನೂ ಹೇಳು, ಹೆಂಗೆ ಬಿಡ್ತು ಅಂತಾನೂ ಹೇಳು."

ಧಾತ್ರಿ ಹೊರಗೆ ಬಂದು ಎದುರು ಮನೆಯ ಬಾಗಿಲ ಮುಂದೆ ನಿಂತಳು. ಒಳಗೆ ಯಾರೋ ನಗುತ್ತಿದ್ದರು, ಅವರ ಎಸಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅವಳು ಕೈ ಎತ್ತಿ ಬಾಗಿಲು ತಟ್ಟಿದಳು.