ಮೂರು ತಟ್ಟೆ, ಒಂದು ಹಾಡು

"ಬಾಯಿ ಬಿಡು ಯೋಗಿ! ನಮ್ಮ ಹಾಡನ್ನ ನಿನ್ನ ಹಳೇ ಬ್ಯಾಂಡಿಗೆ ಯಾಕೆ ಕೊಟ್ಟೆ?"

"ನಾನಾ? ತಲೆ ಕೆಟ್ಟೈತಾ ನಿಂಗೆ?"

"ಕೆಟ್ಟಿತ್ತು! ನಿನ್ನ ನಂಬ್ದಾಗ ಕೆಟ್ಟಿತ್ತು!"

ಲತಾಮಣಿಯ ಕೂಗಿಗೆ ಅಕ್ಕೂರಿನ ಹುಳು ಮನೆಯೇ ಅದುರಿತು. ಅವಳ ತಾಯಿ ಮಾಯಮ್ಮ ರೇಷ್ಮೆ ಹುಳು ಸಾಕುವ ಮನೆ ಅದು. ಮಗಳ ರೆಕಾರ್ಡಿಂಗಿಗೆಂದು ಈ ಸಲ ಬೆಳೆಯನ್ನೇ ಇಟ್ಟಿರಲಿಲ್ಲ. ಸದ್ದು ಗುಂಯ್ಗುಟ್ಟದಿರಲೆಂದು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ ಕಂಬಳಿ ಹೊದಿಸಿದ್ದರು.

ನಾಲ್ಕು ಊರಿನ ಹೆಸರಾದ ರಾಕ್ ಬ್ಯಾಂಡುಗಳಿಂದ ಒಬ್ಬೊಬ್ಬರು ಬಂದು ಕಟ್ಟಿದ ತಂಡ 'ನಾಲ್ಕೂರು'. ಹಾಡು ಕಟ್ಟಿ ಹಾಡುವವಳು ಚನ್ನಪಟ್ಟಣ ಕಡೆಯ ಲತಾಮಣಿ. ಗಿಟಾರ್ ಮಾಗಡಿಯ ಯೋಗಾನಂದ. ಡ್ರಮ್ಸ್ ಕನಕಪುರದ ಲೋಕೇಶ್. ಬೇಸ್ ರಾಮನಗರದ ಶುಕೂರ್. ಮೊದಲ ಆಲ್ಬಂ ಮುಗಿಯುತ್ತಾ ಬಂದಿತ್ತು.

ಅದರ ಜೊತೆಗೇ ಇನ್ನೊಂದೂ ಮೊಳೆತಿತ್ತು... ಯೋಗಿ ತಂತಿ ಮುಟ್ಟಿದರೆ ಇವಳ ಎದೆ ಝಲ್ಲೆನ್ನುತ್ತಿತ್ತು. ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಆದರೆ ಹೋದ ತಿಂಗಳು ಅವರ ಒಂದು ಹಾಡು ಮಾಗಡಿಯ ವೇದಿಕೆಯಲ್ಲಿ ಮೊಳಗಿತ್ತು. ನುಡಿಸಿದ್ದು ಯೋಗಿಯ ಹಳೇ ಬ್ಯಾಂಡು!

ಅಂದಿನಿಂದ ಲತಾಮಣಿಗೆ ನೆಮ್ಮದಿ ಇಲ್ಲ. ಅವನು ಫೋನ್ ಹಿಡಿದು ಹೊರಗೆ ಹೋದರೆ ಅನುಮಾನ. ನಕ್ಕರೂ ಅನುಮಾನ.

ಮಾಯಮ್ಮ ಮೂರು ಕಡೆಯಿಂದ ಮೊಟ್ಟೆ ತಂದರೆ ಮೂರು ತಟ್ಟೆಯಲ್ಲಿ ಬೇರೆ ಬೇರೆ ಸಾಕುತ್ತಿದ್ದಳು. ತಟ್ಟೆಗೊಂದು ಬಣ್ಣದ ದಾರ. ರೋಗ ಬಂದರೆ ಯಾರ ಮೊಟ್ಟೆ ಕೆಟ್ಟದ್ದೆಂದು ತಿಳಿಯುತ್ತಿತ್ತು. ಮಗಳು ಅದನ್ನೇ ಮಾಡಿದಳು. ಕೊನೆಯ ಹಾಡಿಗೆ ಮೂರು ಥರದ ಮುಕ್ತಾಯ ಕಟ್ಟಿ, ಬೇರೆ ಬೇರೆಯೆಂದು ಹೇಳದೆ ಮೂವರಿಗೂ ಒಂದೊಂದು ಕಳಿಸಿದಳು.

"ಕೇಳು!" ಎಂದು ಫೋನ್ ಚಾಚಿದಳು. ಮಾಗಡಿಯ ಬ್ಯಾಂಡಿನ ಹೊಸ ವಿಡಿಯೋ, ನುಡಿಸಿದ್ದು ಆ ಕೊನೆಯ ಹಾಡನ್ನೇ. "ಕೊನೇಲಿ ಮೇಲಕ್ಕೆ ಏರ್ತೈತೆ ನೋಡು. ಅದನ್ನ ನಾನು ಕೊಟ್ಟಿದ್ದು ನಿಂಗೊಬ್ಬನಿಗೇ!"

ಯೋಗಿಯ ಮುಖ ಕಪ್ಪಿಟ್ಟಿತು. "ನಂಗೊಬ್ಬನಿಗೇ... ಅಂದ್ರೆ?"

ಶುಕೂರ್ ತಡೆಯಲಾರದೆ ಎದ್ದ. "ಲೇ ಲೋಕೇಶ, ನಿನ್ನೆ ನಂಗೆ ಹೇಳಿದ್ದನ್ನ ನೀನೇ ಬೊಗಳ್ತೀಯೋ, ನಾನೇ ಹೇಳ್ಲೋ?"

ಲೋಕೇಶ್ ತಲೆ ತಗ್ಗಿಸಿದ. "ನಂಗೆ ಬಂದಿದ್ದು ಡ್ರಮ್ಮಿಗೆ ಕೂರ್ಲಿಲ್ಲ ಕಣಕ್ಕ. ಯೋಗಣ್ಣನ್ನ ಕೇಳ್ದೆ. ನಿಂದು ತಪ್ಪಿರ್ಬೇಕು ಅಂತ ತನ್ಗೆ ಬಂದಿದ್ದನ್ನ ಕಳಿಸ್ದ. ಆ ಬ್ಯಾಂಡಿನ ಹುಡುಗಂಗೆ ನಾನೇ ಡ್ರಮ್ಮು ಹೇಳ್ಕೊಡ್ತೀನಲ್ಲ... ಜಂಬಕ್ಕೆ ಕೇಳಿಸ್ಬುಟ್ಟೆ. ಹೋದ ಸಲಾನೂ ನಾನೇ. ಇನ್ಮೇಲೆ ಕದಿಯಲ್ಲ ಅಂತ ಆಣೆ ಮಾಡಿದ್ದ, ನಂಬ್ಬುಟ್ಟೆ."

ಅಯ್ಯೋ! ಒಂದು ತಟ್ಟೆಯ ಹುಳು ಇನ್ನೊಂದಕ್ಕೆ ಹರಿದುಹೋಗುವುದುಂಟು. ಹುಳದ ಮನೆಯಲ್ಲೇ ಬೆಳೆದವಳಿಗೆ ಅದು ಮರೆತೇಹೋಗಿತ್ತು!

"ಯೋಗಿ... ತಪ್ಪಾಯ್ತು."

ಅವನು ಗಿಟಾರನ್ನು ಚೀಲಕ್ಕೆ ತುರುಕುತ್ತಿದ್ದ.

"ಬೈದಿದ್ಕೆ ಬೇಜಾರಿಲ್ಲ ಲತಾ. ದಿನಾ ಬೈತಿದ್ದೆ ನೀನು. ನಿಮ್ಮವ್ವ ಹುಳಕ್ಕೆ ಮಾಡೋದನ್ನ ನಂಗೆ ಮಾಡ್ದಲ್ಲ... ಆ ಹಾಡು ಬಂದ ದಿನ ನಿದ್ದೆ ಮಾಡ್ಲಿಲ್ಲ ನಾನು. ನಂಗೋಸ್ಕರ ಕಟ್ಟವ್ಳೆ ಅನ್ಕೊಂಡಿದ್ದೆ."

"ನೀನಂದ್ರೆ ಜೀವ ಕಣೋ ನಂಗೆ!"

"ಗೊತ್ತು. ನಂಗೂ ಅಷ್ಟೇ."

"ಮತ್ತೆ ಇರು!"

"ಇದ್ರೆ, ನಾನು ಫೋನ್ ಹಿಡ್ಕೊಂಡು ಹೊರಗೋದಾಗೆಲ್ಲ ನಿನ್ನ ಕಣ್ಣು ನನ್ನ ಹಿಂದೇನೇ ಬತ್ತದೆ."

ಅದು ನಿಜವಾಗಿತ್ತು. ಅವಳು ಅವನ ಚೀಲದ ಪಟ್ಟಿ ಹಿಡಿದಳು.

"ಒಸಿ ಊಟನಾದ್ರೂ ಮಾಡ್ಕೊಂಡು ಹೋಗೋ..."

"ನೀನು ಮಾಡು. ಹಸ್ಕೊಂಡು ಹಾಡ್ಬೇಡ, ಗಂಟಲು ಕಟ್ತದೆ."

ಮಾಗಡಿಯ ಬಸ್ಸು ಹತ್ತಿದವನು ಮತ್ತೆ ಬರಲಿಲ್ಲ.

ಆಲ್ಬಂ ಬಂತು. ಕೊನೆಯ ಹಾಡಿಗೆ ಯಾವ ಮುಕ್ತಾಯ ಇಡೋಣವೆಂದು ಶುಕೂರ್ ಕೇಳಿದ್ದ. ಯೋಗಿಯನ್ನು ಹಿಡಿಯಲೆಂದು ಕಟ್ಟಿದ್ದನ್ನೇ ಇಡಿಸಿದಳು ಲತಾಮಣಿ. ನಿದ್ದೆಗೆಟ್ಟ ಆ ರಾತ್ರಿ ಅವನು ನುಡಿಸಿ ಕಳಿಸಿದ್ದ ಗಿಟಾರ್ ಅಲ್ಲಿ ಮೇಲಕ್ಕೆ ಏರುತ್ತದೆ. ಅವಳು ಮಾತ್ರ ಆ ಸಾಲಿನಲ್ಲಿ ಹಾಡುವುದಿಲ್ಲ, ಸುಮ್ಮನೆ ಕೇಳುತ್ತಾಳೆ.