ತಾಮ್ರ ಗಡಸಾದ ಸದ್ದು

“ಅದು ಗಡಸಾಯ್ತು. ಇನ್ನೊಂದು ಸುತ್ತು ಬಡಿದ್ರೆ ಸೀಳ್ತದೆ.”

ಪಕ್ಕದ ಉಗ್ರಾಣದ ಬಾಗಿಲ ಹಿಂದಿನಿಂದ ದನಿ ಬಂತು. ಕೆಲಸಗಾರ ಬೋರಪ್ಪ ಬಡಿಯುತ್ತಿದ್ದ ತಾಮ್ರದ ಬೋಗುಣಿಯ ಮುಂದೆ ಕುಳಿತಿದ್ದ ಗಂಗಾಧರಯ್ಯ ತಲೆ ಎತ್ತಿದ.

“ನೋಡದೇನೇ ಹೇಗೆ ಹೇಳ್ತೀರಿ ಅಜ್ಜಿ?”

ಒಳಗಿನಿಂದ ತಡೆಯಲಾರದೆ ಹೊರಟ ನಗು. ಅಜ್ಜಿಯ ನಗುವಲ್ಲ ಅದು. ಗಂಗಾಧರಯ್ಯನ ಕಿವಿ ಕೆಂಪಾಯಿತು.

ಸಾವಿರದ ಒಂಬೈನೂರ ನಲವತ್ತಮೂರು, ಯುದ್ಧದ ಕಾಲ. ಹೊಳೆನರಸೀಪುರದ ಈಶ್ವರಯ್ಯನ ಪಾತ್ರೆ ತಯಾರಿಸುವ ಕೊಟ್ಟಿಗೆಯಲ್ಲಿ ಆಸ್ಪತ್ರೆಗಳಿಗೆಂದು ಬಡಿದ ಬೋಗುಣಿಗಳು ಅಂಚಿನಲ್ಲಿ ಒಡೆಯುತ್ತಿದ್ದವು. ಕಾರಣ ಹುಡುಕಲು ಹಾಸನದ ಕೈಗಾರಿಕಾ ಶಾಲೆಯ ಮೇಷ್ಟ್ರು ಗಂಗಾಧರಯ್ಯ ಪ್ರತಿ ಶನಿವಾರ ಬಸ್ಸಿನಲ್ಲಿ ಬರುತ್ತಿದ್ದ. ಅವನ ಬಳಿ ಒಂದು ಪುಟ್ಟ ಯಂತ್ರವಿತ್ತು. ಅದು ಉಕ್ಕಿನ ಗುಂಡೊಂದನ್ನು ಲೋಹದ ಮೇಲೆ ಒತ್ತುತ್ತಿತ್ತು. ಮೆತ್ತಗಿನ ಲೋಹದಲ್ಲಿ ಅಗಲವಾದ ಗುಳಿ ಬೀಳುತ್ತಿತ್ತು, ಗಡಸಾದದ್ದರಲ್ಲಿ ಸಣ್ಣದು. ಭೂತಗನ್ನಡಿಯಲ್ಲಿ ನೋಡಿ ಅವನು ಅದನ್ನು ಅಳೆಯುತ್ತಿದ್ದ.

ಈಗಲೂ ಒತ್ತಿ ನೋಡಿದ. ಗುಳಿ ಬೆಳಿಗ್ಗೆಯದಕ್ಕಿಂತ ಎಷ್ಟೋ ಕಿರಿದು.

“ನೀವು ಹೇಳಿದ್ದೇ ಸರಿ,” ಎಂದ ಬಾಗಿಲಿಗೆ.

“ಬಡೀತಾ ಬಡೀತಾ ಸದ್ದು ತೆಳ್ಳಗಾಗ್ತದೆ ಮೇಷ್ಟ್ರೇ. ನಿಮಗೆ ಕೇಳಲಿಲ್ವಾ?”

ಅವಳು ರೇವಮ್ಮ. ಈಶ್ವರಯ್ಯನ ತಮ್ಮ ಚಂದ್ರಶೇಖರಯ್ಯನ ಹೆಂಡತಿ. ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಂದಿನಿಂದ ಅವಳು ಬೀದಿಯ ಹೊಸ್ತಿಲು ದಾಟಿರಲಿಲ್ಲ. ಮನೆಗೂ ಕೊಟ್ಟಿಗೆಗೂ ನಡುವಿನ ಉಗ್ರಾಣದಲ್ಲಿ ಕುಳಿತು ಹುಣಿಸೆಹಣ್ಣು ಹಚ್ಚಿ ಪಾತ್ರೆ ಬೆಳಗುವುದು, ಹುಲ್ಲು ಸುತ್ತಿ ಕಟ್ಟಿಡುವುದು, ಇಷ್ಟೇ ಅವಳ ದಿನ. ಹೊರಗಿನ ಲೋಕವೆಂದರೆ ಗೋಡೆಯಾಚೆಯ ಸುತ್ತಿಗೆಯ ಸದ್ದು.

ಮುಂದಿನ ಶನಿವಾರಗಳಲ್ಲಿ ಬಾಗಿಲು ಒಂದು ಗೇಣು ತೆರೆದಿರುತ್ತಿತ್ತು. ಅವಳು ಕಿವಿಯಿಂದ ಹೇಳುವುದು, ಅವನು ಅಳೆದು ನೋಡುವುದು. ಅವಳು ತಪ್ಪಿದ್ದು ಒಮ್ಮೆ ಮಾತ್ರ.

“ಇವತ್ತು ಸೋತ್ರಿ,” ಎಂದ ಅವನು.

“ನೀವು ಮಾತಾಡಿಸ್ತಾ ಇದ್ರಲ್ಲ, ಎಲ್ಲಿ ಕೇಳಿಸ್ಬೇಕು?”

ಒಂದು ದಿನ ಅವಳು ಭೂತಗನ್ನಡಿ ಕೇಳಿ ಪಡೆದಳು. ಹಿಂದಿರುಗಿಸಲು ಬಾಗಿಲ ಬಳಿ ಬಂದಾಗ ಹೆಂಚಿನ ಸಂದಿಯ ಬೆಳಕು ಅವಳ ಅರ್ಧ ಮುಖದ ಮೇಲೆ ಬಿತ್ತು. ತಾಮ್ರದ ಕಿಲುಬಿಗೆ ಬೆರಳ ತುದಿ ಹಸಿರಾಗಿತ್ತು.

“ಇದ್ರಲ್ಲಿ ನಿಮಗೆ ಎಲ್ಲಾ ಕಾಣಿಸ್ತದಾ?”

“ನಾನು ನೋಡಬೇಕು ಅಂದ್ಕೊಂಡಿದ್ದು ಇದ್ರಲ್ಲಿ ಕಾಣಿಸಲ್ಲ,” ಎಂದ ಅವನು, ಮೆಲ್ಲಗೆ.

ಅವಳು ಸೆರಗು ಸರಿಮಾಡಿಕೊಂಡು ಹಿಂದೆ ಸರಿದಳು. ಬಾಗಿಲು ಮುಚ್ಚಲಿಲ್ಲ.

ಒಡೆಯುವ ಕಾರಣ ಅವಳಿಗೆ ಮೊದಲೇ ಗೊತ್ತಿತ್ತು; ಭಾವನಿಗೆ ಎದುರಾಗಿ ಹೇಳುವಂತಿರಲಿಲ್ಲ. ಗಂಡನ ಕಾಲದಲ್ಲಿ ಪ್ರತಿ ಸುತ್ತು ಬಡಿದ ಮೇಲೂ, ಒಟ್ಟು ಮೂರು ಸಲ, ಬೋಗುಣಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಿದ್ದರು. ಗಡಸಾದ ತಾಮ್ರ ಮತ್ತೆ ಮೆತ್ತಗಾಗುತ್ತಿತ್ತು. ಈಗ ಪೆಟ್ರೋಲ್ ಇಲ್ಲದೆ ಬಸ್ಸುಗಳೇ ಇದ್ದಿಲಿನಲ್ಲಿ ಓಡುತ್ತಿದ್ದವು. ಕೊಟ್ಟಿಗೆಗೆ ಇದ್ದಿಲು ಸಿಗುವುದೇ ಕಷ್ಟ. ಒಂದೇ ಸಲ ಕಾಯಿಸಿದರೆ ಸಾಕೆಂದು ಈಶ್ವರಯ್ಯ ಅಪ್ಪಣೆ ಮಾಡಿದ್ದ.

ಅದನ್ನು ಮರೆತು, ಒಂದು ಶನಿವಾರ ಈಶ್ವರಯ್ಯ ಬೋರಪ್ಪನ ಮೇಲೆ ಎಗರಿದ. “ನಿನ್ನ ಕೈ ಕೆಟ್ಟದೆ. ನಾಳೆಯಿಂದ ಬರಬೇಡ.”

“ಇಪ್ಪತ್ತು ವರ್ಸ ಬಡಿದೀನಿ ಸ್ವಾಮಿ. ಈಗ ಎಲ್ಲಿಗೆ ಓಗ್ಲಿ?”

ಬಾಗಿಲು ಪೂರ್ತಿ ತೆರೆಯಿತು. ರೇವಮ್ಮ ಗಂಡಸರ ನಡುವೆ ಬಂದು ನಿಂತಳು.

“ತಪ್ಪು ಬೋರಪ್ಪಂದಲ್ಲ ಭಾವ. ಕಾಯಿಸದೇನೇ ಬಡಿಸಿದ್ದು ನೀವು.”

ಗಂಗಾಧರಯ್ಯ ಯಂತ್ರದಲ್ಲಿ ಎರಡು ಬೋಗುಣಿಗಳನ್ನು ಒತ್ತಿ ತೋರಿಸಿದ: ಮೂರು ಸಲ ಕಾಯಿಸಿದ ಹಳೆಯದರಲ್ಲಿ ಗುಳಿ ಅಗಲ, ಒಂದೇ ಸಲ ಕಾಯಿಸಿದ್ದರಲ್ಲಿ ಕಿರಿದು. ಬೋರಪ್ಪನ ಕೆಲಸ ಉಳಿಯಿತು. ಅವತ್ತು ಸಂಜೆ ಉಗ್ರಾಣದ ಬಾಗಿಲಿಗೆ ಕೊಟ್ಟಿಗೆಯ ಕಡೆಯಿಂದ ಬೀಗ ಬಿತ್ತು.

ಗಂಗಾಧರಯ್ಯ ನೇರವಾಗಿ ಹೆಣ್ಣು ಕೇಳಿದ. ಅವರ ಜನರಲ್ಲಿ ಮರುಮದುವೆ ಇಲ್ಲದ್ದಲ್ಲ.

“ನಮ್ಮ ಮನೇಲಿ ಆ ವಾಡಿಕೆ ಇಲ್ಲ,” ಎಂದ ಈಶ್ವರಯ್ಯ. “ಇನ್ನು ನೀವು ಬರೋದು ಬೇಡ.”

ರೇವಮ್ಮ ಕತ್ತಲ ಉಗ್ರಾಣದಲ್ಲಿ ಪಾತ್ರೆ ಬೆಳಗಿದಳು. ಮೊದಲು ಸಮಾಧಾನ ಕೊಡುತ್ತಿದ್ದ ಸುತ್ತಿಗೆಯ ಸದ್ದು ಈಗ ತಲೆಯೊಳಗೇ ಬಡಿಯುತ್ತಿತ್ತು. ಸಾಯುವ ತನಕ ಹೀಗೆಯೇ ಎಂಬ ಯೋಚನೆ ಬಂದಾಗ ಬೆಳಗಿದ್ದ ಪಾತ್ರೆಯನ್ನೇ ಮತ್ತೆ ಬೆಳಗುತ್ತಿದ್ದಳು.

ಎರಡು ವಾರದ ಮೇಲೆ ಬೋರಪ್ಪ ಬೀಗ ಹಾಕಿದ ಬಾಗಿಲ ಪಕ್ಕಕ್ಕೆ ಬಂದು ಕುಳಿತ. ಬಡಿಯುತ್ತಲೇ ಮಾತಾಡಿದ.

“ಮೇಷ್ಟ್ರು ಪ್ರತಿ ಸನಿವಾರ ಬಸ್ಟ್ಯಾಂಡ್‌ನಾಗೆ ಕುಂತಿರ್ತಾರೆ ಕಣವ್ವ, ಮದ್ಯಾನದ ಬಸ್ ಓಗಗಂಟ. ಅವರ ತಾಯಿ ನಿಮ್ಮನ್ನ ಕರ್ಕಂಡ್ ಬಾ ಅಂದವ್ರಂತೆ. ಇವತ್ತೂ ಬಂದವ್ರೆ.”

ಮನೆಯ ಬೀದಿ ಬಾಗಿಲಿಗೆ ಯಾರೂ ಬೀಗ ಹಾಕಿರಲಿಲ್ಲ. ಅವಳು ಆ ಕಡೆ ಹೋದಾಳೆಂದು ಯಾರೂ ಎಣಿಸಿರಲಿಲ್ಲ, ಅವಳೂ ಕೂಡ.

ಪಡಸಾಲೆಯಲ್ಲಿ ಅತ್ತೆ ಲಕ್ಷ್ಮಿದೇವಮ್ಮ ಅಕ್ಕಿ ಆರಿಸುತ್ತಿದ್ದರು.

“ಎಲ್ಲಿಗೆ?”

“ಹಾಸನಕ್ಕೆ, ಅತ್ತೆ.”

ಮೊರದ ಮೇಲಿನ ಕೈ ನಿಂತಿತು. ಮಗ ಹೋದ ಮೇಲೆ ಆ ಮುದುಕಿ ಸೊಸೆಯ ಮುಖವನ್ನು ಇಷ್ಟು ಹೊತ್ತು ನೋಡಿದ್ದೇ ಇಲ್ಲ.

“ತಲೆ ಮೇಲೆ ಸೆರಗು ಹಾಕ್ಕೊ,” ಎಂದರು ಕೊನೆಗೆ. “ಬಿಸಿಲು.”

ರೇವಮ್ಮ ಬಗ್ಗಿ ಅವರ ಕಾಲು ಮುಟ್ಟಿ ಹೊಸ್ತಿಲು ದಾಟಿದಳು. ನಾಲ್ಕು ವರ್ಷದಲ್ಲಿ ಬಸ್ ನಿಲ್ಲುವ ಜಾಗವೇ ಬದಲಾಗಿತ್ತು. ಹೂ ಮಾರುತ್ತಿದ್ದವಳನ್ನು ದಾರಿ ಕೇಳಿ, ಮತ್ತೆ ತಪ್ಪಿ, ಇನ್ನೊಬ್ಬರನ್ನು ಕೇಳಿ ನಡೆದಳು.

ಅವಳನ್ನು ಕಂಡು ಗಂಗಾಧರಯ್ಯ ಎದ್ದು ನಿಂತ. ಅವಳ ಹಿಂದೆ ಯಾರಾದರೂ ಇದ್ದಾರೇನೋ ಎಂದು ನೋಡಿದ.

“ಯಾರ ಜೊತೆ ಬಂದ್ರಿ?”

“ಒಬ್ಳೇ.”

“ಭಯ ಆಗ್ತಿದೆಯಾ?”

“ಆಗ್ತಿದೆ. ನಿಮಗೆ?”

“ನನಗೂ. ಎರಡು ವಾರದಿಂದ. ನೀವು ಬರಲ್ವೇನೋ ಅಂತ.”

ರೇವಮ್ಮ ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಅಷ್ಟರಲ್ಲಿ ಇದ್ದಿಲ ಹೊಗೆ ಕಾರುತ್ತ ಬಸ್ಸು ಬಂತು. ಕಂಡಕ್ಟರ್ ಇಳಿದು, ಎಲ್ಲಿಗೆ ಎಂದು ಕೇಳಿದ. ಗಂಗಾಧರಯ್ಯ ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದೆ ಬಂದಳು.

“ಹಾಸನ,” ಎಂದಳು. “ಎರಡು.”